ನಮಗೂ ಆಫ್ರಿಕಾಕ್ಕೂ ಏನು ಸಂಬಂಧ?

ಹನ್ನೆರಡನೆಯ ತರಗತಿ ಮುಗಿಸಿದ ನನ್ನ ಮಗಳಿಗೆ ವಿದೇಶದಲ್ಲಿ ಆಫ್ರಿಕಾನಾ ಸ್ಟಡೀಸ್ ಪದವಿ ಮಾಡುವಾಸೆ. ಆಫ್ರಿಕಾದ ಮತ್ತು ಅಲ್ಲಿಂದ ಲೋಕವೆಲ್ಲ ಚದುರಿದವರ ಚರಿತ್ರೆ, ಸಾಹಿತ್ಯ, ರಾಜಕೀಯವನ್ನು ಒಟ್ಟಿಗೆ ಓದಿಸುವ ವಿಷಯವದು. ಬೊರಿವಲಿಯ ನಮ್ಮ ಕನ್ನಡ ಬಳಗದವರು ಕೇಳುವುದು ಎರಡೇ ಪ್ರಶ್ನೆ: ಓದಿ ಏನು ಮಾಡುತ್ತಾಳೆ? ನಮಗೂ ಆಫ್ರಿಕಾಕ್ಕೂ ಏನು ಸಂಬಂಧ?

ಮೊದಲನೆಯದು ನ್ಯಾಯವಾದದ್ದೇ. ಪ್ರಾಜೆಕ್ಟ್ ಮ್ಯಾನೇಜರನಾದ ನನಗೆ ಖರ್ಚು-ಪ್ರತಿಫಲದ ಲೆಕ್ಕವೇ ನಿತ್ಯದ ಕೆಲಸ. ಶಿಕ್ಷಣ ಸಾಲವಂತೂ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನನ್ನ ತಕರಾರು ಎರಡನೆಯದರ ಬಗ್ಗೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರು ಆಫ್ರಿಕಾದವರು, ಅನೇಕರು ಗುಲಾಮರಾಗಿ ಬಂದವರು. ಇಂದು ಅವರು ಕನ್ನಡ, ಕೊಂಕಣಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಇತ್ತ ಕೊಂಕಣದ ಜಂಜೀರಾ ಕೋಟೆಯನ್ನು ಆಳಿದವರೂ ಸಿದ್ದಿಗಳೇ. ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ಕೇಂದ್ರ 1971ರಿಂದ ಇದೆ. ಇಷ್ಟಿದ್ದೂ ಸಂಬಂಧವಿಲ್ಲ ಎಂದರೆ, ಕನ್ನಡವಾಡುವ ಸಿದ್ದಿಯನ್ನೂ ಹೊರಗಿನವನೆಂದಂತೆ.

ಹಾಗೆಂದು ಓದಿದವರೆಲ್ಲ ಆ ಚರಿತ್ರೆಯ ವಾರಸುದಾರರಾಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಕರಿಯರ ಅಧ್ಯಯನಕ್ಕೆ ವಿಭಾಗ ದಕ್ಕಿದ್ದು 1968ರಲ್ಲಿ ಶುರುವಾದ ವಿದ್ಯಾರ್ಥಿ ಮುಷ್ಕರದಿಂದ. ತಮ್ಮ ಕಥೆಯನ್ನು ತಾವೇ ಹೇಳಬೇಕೆಂದವರು ಗಳಿಸಿದ ಜಾಗವದು. ಅಲ್ಲಿ ನಮ್ಮಂಥವರ ಮೊದಲ ಕರ್ತವ್ಯ ಕೇಳಿಸಿಕೊಳ್ಳುವುದು. ಸಿದ್ದಿಗಳ ನಡುವೆಯೂ ಅಷ್ಟೇ: ಅವರು ನಮ್ಮ ಪ್ರಬಂಧಕ್ಕೆ ಮಾದರಿಗಳಲ್ಲ.

ಸಾಲದ ಕಂತಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ. ಅದು ಕೂಡದಿದ್ದರೆ ಮಗಳಿಗೆ ಹಾಗೆಂದೇ ಹೇಳುತ್ತೇನೆ. ಸಂಬಂಧವಿಲ್ಲವೆಂಬ ನೆಪವನ್ನು ಮಾತ್ರ ಹೇಳಲಾರೆ.