ತಿರುಗಿದರೆ ಸಾಕೇ?

ಈ ಸಲದ ಬೇಸಿಗೆಯಲ್ಲಿ ನೆರಿಯದ ತವರುಮನೆಗೆ ಹೋದಾಗ ಅಣ್ಣನ ಮಗ ಜಗಲಿಯಲ್ಲಿ ತನ್ನ ಹೆಲಿಕಾಪ್ಟರನ್ನು ಬಿಚ್ಚಿ ಹರಡಿಕೊಂಡಿದ್ದ. ಆಟದ ಸಾಮಾನು ಎಂದರೆ ಅವನಿಗೆ ಸಿಟ್ಟು. ಕೈಯಲ್ಲಿ ಪೆಟ್ಟಿಗೆ ಹಿಡಿದು ರೇಡಿಯೋ ಸಂಕೇತದಿಂದ ಹಾರಿಸುವ ಆ ಪುಟ್ಟ ಯಂತ್ರಕ್ಕೆ, ಅಡಿಕೆ ಒಣಗಿಸಿ ಮುಗಿದ ನಮ್ಮ ಅಂಗಳವೇ ವಿಮಾನ ನಿಲ್ದಾಣ.

"ಬೇರಿಂಗ್ ಬದಲಿಸ್ಬೇಕು ಅತ್ತೆ" ಎಂದು ಅಂಗಿಯ ಗುಂಡಿಯಷ್ಟು ಚಿಕ್ಕದೊಂದನ್ನು ನನ್ನ ಅಂಗೈಯಲ್ಲಿಟ್ಟ. ಹೊರಗೊಂದು ಬಳೆ, ಒಳಗೊಂದು ಬಳೆ, ನಡುವೆ ಸಾಸಿವೆಯಂಥ ಉಕ್ಕಿನ ಗುಂಡುಗಳು. ಬೆರಳಿನಿಂದ ತಿರುಗಿಸಿದೆ.

"ತಿರುಗ್ತದಲ್ಲ ಮಾರಾಯ, ಮತ್ತೆ ಯಾಕೆ ಬದಲಿಸುವುದು?"

"ತಿರುಗ್ತದೆ, ಸುಖದಲ್ಲಿ ತಿರುಗುವುದಿಲ್ಲ. ಕಣ್ಣು ಮುಚ್ಚಿ ನಿಧಾನ ತಿರುಗಿಸಿ ನೋಡಿ."

ಹೌದು, ಎಲ್ಲೋ ಒಂದು ಕಡೆ ಮರಳು ಸಿಕ್ಕಿದಂತೆ ತಡೆಯುತ್ತಿತ್ತು.

ತಪ್ಪು ಬೇರಿಂಗಿನದಲ್ಲವಂತೆ. ಅದು ಕೂರುವ ಲೋಹದ ಗೂಡನ್ನು ಅವನು 'ಮನೆ' ಎನ್ನುತ್ತಾನೆ. ಮನೆಯನ್ನು ತುಸು ಬಿಸಿ ಮಾಡಿ ಹಿಗ್ಗಿಸಿ, ಹೊರಬಳೆಯನ್ನಷ್ಟೇ ಒತ್ತಿ ಬೇರಿಂಗನ್ನು ಕೂರಿಸಬೇಕು. ದಂಡಕ್ಕೆ ಏರಿಸುವಾಗ ಒಳಬಳೆಯನ್ನು ಒತ್ತಬೇಕು. ತಪ್ಪಾದ ಬಳೆಯನ್ನು ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾಯ್ದು, ಅವು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹೋದ ವರ್ಷ ತಾನೇ ಅವಸರದಲ್ಲಿ ಹಾಗೆ ಒತ್ತಿದ್ದೆ ಎಂದ.

ಅಷ್ಟರಲ್ಲಿ ಅತ್ತಿಗೆ ಗಂಜಿಯ ಬಟ್ಟಲು ಹಿಡಿದು ಅಪ್ಪನ ಕೋಣೆಗೆ ಹೋದರು. ಅಪ್ಪ ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಊರು ಬಿಟ್ಟ ನಾವು ಮೂವರು ಮಕ್ಕಳು ಪ್ರತಿ ಭಾನುವಾರ ಫೋನು ಮಾಡುತ್ತೇವೆ. "ನೀವಿದ್ದೀರಲ್ಲ ಅತ್ತಿಗೆ, ನಮಗೆ ನಿಶ್ಚಿಂತೆ" ಎನ್ನುತ್ತೇವೆ. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಒತ್ತುವುದಕ್ಕೆ ಬೈಗಳೇ ಆಗಬೇಕೆಂದಿಲ್ಲ, ಹೊಗಳಿಕೆಯೂ ಆಗುತ್ತದೆ ಎಂದು ಆ ಹೊತ್ತು ಹೊಳೆಯಿತು.

ಹೊಂದಿಕೊಂಡು ಹೋಗುವುದು ದೊಡ್ಡ ಗುಣ ಎಂದು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಯಂತ್ರಲೋಕದಲ್ಲೂ ಅದಕ್ಕೆ ಬೆಲೆಯುಂಟು. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಜೇಡಿನೆಲದ ಮೇಲೆ ಕಟ್ಟಿದ ಬಟ್ಟೆ ಗಿರಣಿಯೊಂದಿತ್ತು. ನೆಲ ಕುಸಿದಂತೆ ದಂಡಗಳು ಓರೆಯಾಗಿ ಬೇರಿಂಗುಗಳು ಕೆಡುತ್ತಿದ್ದವು. ಅಲ್ಲಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ ಓರೆಗೆ ತಾನೇ ಹೊಂದಿಕೊಳ್ಳುವ ಬೇರಿಂಗನ್ನು ರೂಪಿಸಿದ. ಆದರೆ ಅದಕ್ಕೂ ಇಷ್ಟೇ ಓರೆ, ಇಷ್ಟೇ ಭಾರ ಎಂಬ ಮಿತಿಯುಂಟು, ಮಾಡಿದವರೇ ಬರೆದುಕೊಡುತ್ತಾರೆ. ಬೆಂಗಳೂರಿನ ಎಚ್.ಎ.ಎಲ್.ನ ಧ್ರುವ ಹೆಲಿಕಾಪ್ಟರ್ 1992ರಲ್ಲಿ ಮೊದಲು ಹಾರಿತಲ್ಲ, ಅಂಥ ದೊಡ್ಡ ಯಂತ್ರಗಳಲ್ಲಿ ಎಷ್ಟೋ ಭಾಗಗಳು ಕೆಡುವವರೆಗೆ ಕಾಯುವುದೇ ಇಲ್ಲ. ಹಾರಿದ ಗಂಟೆಗಳ ಲೆಕ್ಕವಿಟ್ಟು ಬದಲಿಸುತ್ತಾರೆ. ಮನೆಯ ಸೊಸೆಗೆ ಮಿತಿ ಬರೆದುಕೊಟ್ಟವರು ಯಾರು? ಅವಳ ಗಂಟೆಗಳ ಲೆಕ್ಕ ಇಟ್ಟವರು ಯಾರು?

ಮನುಷ್ಯರು ಬೇರಿಂಗುಗಳಲ್ಲ, ನಿಜ. ಅತ್ತಿಗೆ ಪ್ರೀತಿಯಿಂದಲೇ ಮಾಡುತ್ತಿರಬಹುದು. ನಾನು ಸುಮ್ಮನೆ ಮರುಕ ತೋರಿಸಿದರೆ ಅದು ಅವರ ಪ್ರೀತಿಗೆ ಅವಮಾನವಲ್ಲವೇ ಎಂದೂ ಅನ್ನಿಸಿತು. ರಾತ್ರಿ ಪಾತ್ರೆ ಒರಸುತ್ತಾ, "ಕಷ್ಟ ಆಗ್ತದಾ ಅತ್ತಿಗೆ?" ಎಂದೆ.

"ಎಂತದೂ ಇಲ್ಲ. ನಡೀತದೆ."

ತಿರುಗ್ತದೆ ಎಂದಂತೆಯೇ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು, "ನೀವು ತವರಿಗೆ ಹೋಗಿ ಉಳಿದದ್ದು ಯಾವಾಗ?" ಎಂದೆ. ಒರಸುತ್ತಿದ್ದ ಕೈ ನಿಂತಿತು. "ಮಾವ ಮಲಗಿದ ಮೇಲೆ ಇಲ್ಲ" ಎಂದರು. ಅದರಲ್ಲಿ ದೂರಿರಲಿಲ್ಲ. ಮೂರು ವರ್ಷದಲ್ಲಿ ನಾನು ಆ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಅವರನ್ನು ಹತ್ತು ದಿನ ತವರಿಗೆ ಕಳಿಸಿ ನಾನು ಉಳಿದೆ. ಮೊದಲ ರಾತ್ರಿ ಅಪ್ಪ ಐದು ಸಲ ಕರೆದರು. ನಾಲ್ಕನೆಯ ರಾತ್ರಿ ನನಗೆ ಹೆತ್ತ ತಂದೆಯ ಮೇಲೆ ಸಿಟ್ಟು ಬಂತು, ಮರುಗಳಿಗೆ ನಾಚಿಕೆಯೂ ಬಂತು. ಅತ್ತಿಗೆಗೂ ಹೀಗೆ ಸಿಟ್ಟು ಬಂದಿರಬೇಕು. ಅದನ್ನು ಹೇಳಿಕೊಳ್ಳಲು ಅವರಿಗೊಂದು ಮೂಲೆಯಾದರೂ ಇತ್ತೇ?

ಸಹನೆ ಒಳ್ಳೆಯ ಗುಣ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಬ್ಬರ ಸಹನೆ ಉಳಿದವರ ಸೋಮಾರಿತನಕ್ಕೆ ಆಸರೆಯಾದಾಗ, ಲೆಕ್ಕ ಕೇಳಬೇಕಾದದ್ದು ಸಹಿಸುವವಳನ್ನಲ್ಲ, ನಿಶ್ಚಿಂತೆಯಿಂದ ಇದ್ದವರನ್ನು.

ಅಣ್ಣ ಈಗ ವಾರಕ್ಕೆ ಮೂರು ರಾತ್ರಿ ಅಪ್ಪನ ಕೋಣೆಯಲ್ಲಿ ಮಲಗುತ್ತಾನೆ. ಭಾನುವಾರದ ಫೋನಿನಲ್ಲಿ "ನೀವಿದ್ದೀರಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂದರೆ ನುಂಗಿಕೊಂಡು, ನಾನು ಮುಂದೆ ಬರುವ ತಾರೀಕು ಹೇಳುತ್ತೇನೆ.