ವಾಗ್ದಾನವೂ ಮಿತಿಯೂ

ಕೊಡುವವನು "ಬೇಕಾದಷ್ಟು ತೆಗೆದುಕೊ" ಎಂದು ನುಡಿದ ಬಳಿಕ, ತೆಗೆದುಕೊಳ್ಳುವವನು ನಿಜವಾಗಿಯೂ ಬೇಕಾದಷ್ಟನ್ನು ತೆಗೆದುಕೊಂಡರೆ ತಪ್ಪು ಯಾರದು? ಮೇಲುನೋಟಕ್ಕೆ ಇದು ಮಕ್ಕಳ ಒಗಟಿನಂತೆ ತೋರಬಹುದು. ವಿಚಾರಿಸಿ ನೋಡಿದರೆ ವಾಗ್ದಾನದ ಧರ್ಮವನ್ನೇ ಪರೀಕ್ಷಿಸುವ ಪ್ರಶ್ನೆಯಿದು.

ಬೆಂಗಳೂರಿನ ಶಂಕರಪುರಂ, ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಹಿಂದೆ ವಾರಾನ್ನದ ಪದ್ಧತಿಯಿದ್ದಿತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಊಟವು ಗೊತ್ತಾಗುತ್ತಿದ್ದಿತು. ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗೇ ಅದು ಸೀಮಿತವಾಗಿದ್ದುದು ಆ ಪದ್ಧತಿಯ ಕೊರತೆಯೆಂಬುದನ್ನು ಒಪ್ಪಲೇಬೇಕು. ಆದರೂ ಅದರಲ್ಲಿ ಕಲಿಯತಕ್ಕ ಒಂದು ನೀತಿಯಿದ್ದಿತು. ಮನೆಯ ತಾಯಿಯು ಎಲೆಯ ಮುಂದೆ ನಿಂತು "ಸಂಕೋಚಪಡಬೇಡಪ್ಪ, ಹೊಟ್ಟೆತುಂಬ ಊಟಮಾಡು" ಎನ್ನುವಳು. ಹದಿನಾರು ವರ್ಷದವನ ಹಸಿವು ಸಾಮಾನ್ಯವಾದುದೆ? ತಪ್ಪಲೆಯು ತಳ ಕಂಡರೂ ಆಕೆಯು ಎಲೆಯನ್ನು ಎಳೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ಆ ಮನೆಯ ದಾನಕ್ಕೆ ಮಿತಿಯಿರಲಿಲ್ಲವೆ? ಇದ್ದಿತು. "ನಮ್ಮ ಮನೆಗೆ ಗುರುವಾರ" ಎಂಬ ಮಾತಿನಲ್ಲಿಯೇ ಅದು ಅಡಗಿದ್ದಿತು. ಮಿತಿಯು ವಾರದಲ್ಲಿತ್ತು, ತುತ್ತಿನಲ್ಲಿರಲಿಲ್ಲ. ಅದನ್ನು ಮೊದಲೇ ಹೇಳಿಯೂ ಆಗಿತ್ತು.

ಇದೇ ಪ್ರಶ್ನೆಯು ಅಮೆರಿಕೆಯಲ್ಲಿ ದೊಡ್ಡ ವ್ಯಾಜ್ಯವಾಗಿ ಬೆಳೆಯಿತು. ಬಡ್ಡಿಯ ದರವು ಬಹಳ ಏರಿದ್ದ 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಕಂಪನಿಯು ಕೈಗೆ ಹಣ ಬರಲೆಂದು ಒಂದು ಪಾಸನ್ನು ಮಾರಿತು. 2,50,000 ಡಾಲರುಗಳನ್ನು ಒಮ್ಮೆ ತೆತ್ತವರು ಬದುಕಿರುವವರೆಗೂ ಮೊದಲನೆಯ ದರ್ಜೆಯಲ್ಲಿ ಎಷ್ಟು ಬಾರಿಯಾದರೂ ಸಂಚರಿಸಬಹುದಾಗಿತ್ತು. ಇನ್ನೂ 1,50,000 ಡಾಲರುಗಳನ್ನು ಕೊಟ್ಟರೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕೂ ದೊರೆಯುತ್ತಿದ್ದಿತು. ಕೊಂಡವರಲ್ಲಿ ಒಬ್ಬನು ಹತ್ತುಸಾವಿರಕ್ಕೂ ಹೆಚ್ಚು ಬಾರಿ ಹಾರಾಡಿದನು. 1994ರಲ್ಲಿ ಕಂಪನಿಯು ಮಿತಿಯಿಲ್ಲದ ಪಾಸಿನ ಮಾರಾಟವನ್ನು ನಿಲ್ಲಿಸಿತು. ಅನಂತರ ಲೆಕ್ಕ ತೆಗೆದು ನೋಡಿ, ಅತಿಯಾಗಿ ಸಂಚರಿಸಿದವರ ಮೇಲೆ ವಿಚಾರಣೆ ನಡೆಸಿ, 2008ರಲ್ಲಿ ಇಬ್ಬರ ಪಾಸುಗಳನ್ನು ರದ್ದುಮಾಡಿತು. ವಿಷಯವು ನ್ಯಾಯಾಲಯವನ್ನು ಮುಟ್ಟಿತು.

ಇಲ್ಲಿ ಕಂಪನಿಯ ಪಕ್ಷವನ್ನೂ ಕೇಳಬೇಕು. ಕಾಲ್ಪನಿಕ ಹೆಸರಿನಲ್ಲಿ ಪಕ್ಕದ ಆಸನವನ್ನು ಕಾದಿರಿಸಿದರು, ಜೊತೆಗೆ ಕರೆದೊಯ್ದವರಿಂದ ಹಣ ಪಡೆದರು ಎಂಬುದು ಅದರ ಆಕ್ಷೇಪಣೆಯು. ಇದು ನಿಜವಾದರೆ ದೋಷವೇ ಸರಿ. ಸುಳ್ಳು ಹೆಸರನ್ನು ಬರೆಯಿಸಲು ಯಾವ ಪಾಸೂ ಅಧಿಕಾರ ಕೊಡದು. ಆದರೆ ಅತಿಯಾದ ಉಪಯೋಗವು ಬೇರೆ, ದುರುಪಯೋಗವು ಬೇರೆ. ಹತ್ತುಸಾವಿರ ಬಾರಿ ಹಾರಿದುದು ಎಂದಿಗೂ ಅಪರಾಧವಾಗದು; ಮಾರಿದ ಸರಕೇ ಅದಾಗಿತ್ತಲ್ಲವೆ? ನಷ್ಟವನ್ನು ಕಂಡ ಮೇಲೆ ದೋಷವನ್ನು ಹುಡುಕಲು ಹೊರಟವನಿಗೆ ನೋವು ದೋಷದಿಂದ ಆದುದೋ, ನಷ್ಟದಿಂದ ಆದುದೋ ಎಂಬ ಸಂದೇಹಕ್ಕೆ ಎಡೆಯುಂಟು.

ಮಿತಿಯಿಲ್ಲವೆಂದು ಮಾರುವವನು ಮನಸ್ಸಿನಲ್ಲಿ ಒಂದು ಮಿತಿಯನ್ನು ಇಟ್ಟುಕೊಂಡೇ ಬೆಲೆಯನ್ನು ಕಟ್ಟುತ್ತಾನೆ. ಕೊಳ್ಳುವವರೆಲ್ಲರೂ ಸಂಕೋಚದಿಂದಲೇ ನಡೆದುಕೊಳ್ಳುವರೆಂಬುದು ಅವನ ಎಣಿಕೆಯು. ಅಂದರೆ ಪರರ ಸಂಯಮವನ್ನು ತನ್ನ ಬಂಡವಾಳದಲ್ಲಿ ಸೇರಿಸಿಕೊಂಡಂತಾಯಿತು. ದಶರಥನೂ ಹೀಗೆಯೇ ಎರಡು ವರಗಳಿಗೆ ಮಿತಿಯನ್ನು ಹೇಳದೆ ಕೊಟ್ಟು, ಕೈಕೇಯಿಯು ಕೇಳಿದಂದು ಕುಸಿದನು. ಅಷ್ಟಾದರೂ ಕೊಟ್ಟ ಮಾತನ್ನು ಇಲ್ಲವೆನ್ನಲಿಲ್ಲ. ಪಾಂಡವರಿಗೆ ದೊರೆತ ಅಕ್ಷಯಪಾತ್ರೆಯ ರೀತಿಯೇ ಬೇರೆ. ದ್ರೌಪದಿಯು ಉಣ್ಣುವವರೆಗೆ ಮಾತ್ರ ಅದು ಅಕ್ಷಯವು. ಈ ನಿಯಮವು ಗೊತ್ತಿದ್ದುದರಿಂದ ಅವರು ಕಾಡಿನಲ್ಲಿಯೂ ಅತಿಥಿಗಳನ್ನು ಸತ್ಕರಿಸಿ ಬಾಳಿದರು.

ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರ ಉಚಿತ ಪ್ರಯಾಣದ 'ಶಕ್ತಿ' ಯೋಜನೆಯು ಆರಂಭವಾದಾಗಲೂ "ಕೆಲಸವಿಲ್ಲದೆ ತಿರುಗುವರು" ಎಂಬ ಮಾತು ಜಗುಲಿಗಳಲ್ಲಿ ಕೇಳಿಬಂದಿತು. ರಾಜ್ಯದ ಮಹಿಳೆಯರಿಗೆ ಮಾತ್ರ. ಐಷಾರಾಮಿ ಬಸ್ಸುಗಳಿಗೂ ಅಂತರರಾಜ್ಯದ ಬಸ್ಸುಗಳಿಗೂ ಅನ್ವಯಿಸದು ಎಂದು ಸರಕಾರವು ಮೊದಲೇ ಗೆರೆಯನ್ನೆಳೆದಿತ್ತು. ಎಷ್ಟು ಬಾರಿ ಎಂಬುದಕ್ಕೆ ಮಾತ್ರ ಗೆರೆಯಿರಲಿಲ್ಲ. ಹೀಗಿರುವಾಗ ತಿಂಗಳಿಗೆ ನಾಲ್ಕು ಬಾರಿ ಮಗಳ ಮನೆಗೆ ಹೋಗುವ ತಾಯಿಯನ್ನು ಆಕ್ಷೇಪಿಸುವುದು ನ್ಯಾಯವೆ? ಮುಡಿಪಿಟ್ಟ ಹಣವು ಸಾಲದಾದರೆ ಬಹಿರಂಗವಾಗಿ ಹೇಳಿ ಮುಂದಿನದಕ್ಕೆ ನಿಯಮವನ್ನು ಮಾಡಬಹುದು. ಬಸ್ಸನ್ನೇರಿದವಳ ಶೀಲವನ್ನು ಅಳೆಯುವ ಅಧಿಕಾರವು ಯಾರಿಗೂ ಇಲ್ಲ.

ಹಾಗೆಂದು ಪಡೆಯುವವನಿಗೆ ಧರ್ಮವೇ ಇಲ್ಲವೆಂದಲ್ಲ. ತಪ್ಪಲೆಯಲ್ಲಿ ಸೌಟು ಕೆರೆದ ಸದ್ದು ಕೇಳಿದೊಡನೆ, ವಾರಾನ್ನದ ಹುಡುಗನು ಅರೆಹೊಟ್ಟೆಯಲ್ಲಿಯೇ ಎಲೆಗೆ ಕೈ ಅಡ್ಡ ಹಿಡಿದು "ಸಾಕಮ್ಮ" ಎನ್ನುವನು. ಆ ಮಾತು ಅವನ ಬಾಯಿಂದಲೇ ಬರಬೇಕು. ಬಡಿಸುವವರು ಅದನ್ನು ಅವನಿಂದ ಹೇಳಿಸಲಾಗದು. "ಇಷ್ಟೇ" ಎಂಬುದು ಬಡಿಸುವವರ ಮಾತು. ಅದನ್ನು ಎಲೆ ಹಾಕುವ ಮೊದಲೇ ಆಡತಕ್ಕದ್ದು.