ದೇವರ ಬಲದಿಂದ ಕಾಯಲ್ಪಟ್ಟವರು

(ಆಧಾರ ವಾಕ್ಯ: 1 ಪೇತ್ರ 1ನೆಯ ಅಧ್ಯಾಯ, 3ರಿಂದ 9ನೆಯ ವಚನಗಳು)



ರಾಯಚೂರು ಪಟ್ಟಣದಲ್ಲಿಯೂ ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿಯೂ ಇರುವ ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವ ಒಂದು ಪ್ರಶ್ನೆಯುಂಟು. ಒಮ್ಮೆ ರಕ್ಷಣೆ ಹೊಂದಿದವನು ಅದನ್ನು ಕಳಕೊಳ್ಳಬಹುದೋ? ಒಬ್ಬ ಬೋಧಕರು ಬಂದು, ಎಂದಿಗೂ ಕಳಕೊಳ್ಳಲಾರನು ಅನ್ನುತ್ತಾರೆ. ಮತ್ತೊಬ್ಬರು ಬಂದು, ಎಚ್ಚರವಾಗಿರು, ಕಳಕೊಂಡೀಯೆ ಅನ್ನುತ್ತಾರೆ. ಕೇಳಿದವರು ದೀಪ ಆರಿಸಿ ಮಲಗಿಕೊಂಡ ಮೇಲೆಯೂ ಇದನ್ನೇ ಯೋಚಿಸುತ್ತಾರೆ.

ಹೀಗೆ ಕೇಳುವವರು ಎರಡು ಬಗೆಯವರು. ಒಬ್ಬ ತಂದೆಯನ್ನು ನೆನಸಿಕೊಳ್ಳಿರಿ. ಕೂಸಿಗೆ ಜ್ವರ ಬಂದು ಮೂರು ರಾತ್ರಿ ಇಳಿಯಲಿಲ್ಲ. ಮನೆಯ ಹಿರಿಯರ ಒತ್ತಾಯಕ್ಕೆ ಅವನು ಹಳೇ ದೇವರಿಗೆ ಕಾಯಿ ಒಡಿಸಿ ಕೂಸಿನ ಕೈಗೆ ದಾರ ಕಟ್ಟಿದನು. ಕೂಸು ಗುಣವಾಯಿತು, ತಂದೆಯ ಮನಸ್ಸು ಮಾತ್ರ ಗುಣವಾಗಲಿಲ್ಲ. ಕರ್ತನ ರಾತ್ರಿಭೋಜನದ ದಿನ ಬಂದರೆ ಅವನು ಹೊಲಕ್ಕೆ ಹೋಗಿಬಿಡುತ್ತಾನೆ. ನನ್ನ ರಕ್ಷಣೆ ಹೋಯಿತೋ ಎಂದು ಅವನ ಹೃದಯವು ನಡುಗುತ್ತದೆ. ಇನ್ನೊಬ್ಬನನ್ನು ನೋಡಿರಿ. ಅವನು ದೀಕ್ಷಾಸ್ನಾನ ಹೊಂದಿ ಇಪ್ಪತ್ತು ವರ್ಷವಾಯಿತು. ಕುಡಿಯುತ್ತಾನೆ, ಹೆಂಡತಿಯನ್ನು ಹೊಡೆಯುತ್ತಾನೆ, ಬದುವಿನ ಜಗಳಕ್ಕಾಗಿ ಒಡಹುಟ್ಟಿದವನ ಸಂಗಡ ಮಾತು ಬಿಟ್ಟಿದ್ದಾನೆ. ಬುದ್ಧಿ ಹೇಳಿದರೆ, ನನ್ನ ಹೆಸರು ಸಭೆಯ ಪುಸ್ತಕದಲ್ಲಿದೆ, ನನಗೇನು ಭಯ ಅನ್ನುತ್ತಾನೆ. ಮೊದಲನೆಯವನದು ಭಯದ ರೋಗ. ಎರಡನೆಯವನದು ನಿದ್ರೆಯ ರೋಗ. ಇಬ್ಬರಿಗೂ ಒಂದೇ ಔಷಧವನ್ನು ಕುಡಿಸಬಹುದೋ?

ನೀವು ರಾಯಚೂರಿಗೆ ಬಂದಾಗ ಅಲ್ಲಿಯ ಕೋಟೆಯ ಗೋಡೆಯನ್ನು ನೋಡಿದ್ದೀರಷ್ಟೆ. ಅದರಲ್ಲಿ 1294ರ ಶಾಸನವುಳ್ಳ ಭಾರೀ ಕಲ್ಲೊಂದಿದೆ. ಕಲ್ಲು ಅಲುಗಲಿಲ್ಲ, ಆದರೆ ಕೋಟೆಯು ಎಷ್ಟು ಜನರ ಕೈಯಿಂದ ಎಷ್ಟು ಜನರ ಕೈಗೆ ಹೋಯಿತು! 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ಅದನ್ನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಂದ ಗೆದ್ದುಕೊಂಡನು. ಆತನ ತರುವಾಯ ಅದು ತಿರಿಗಿ ಬಿಜಾಪುರದವರ ವಶವಾಯಿತು. ಮುಂದೆ ಈ ಸೀಮೆಯನ್ನಾಳಿದ ನಿಜಾಮನ ಅಧಿಕಾರವೂ 1948ರಲ್ಲಿ ಮುಗಿಯಿತು. ಗೋಡೆ ಎಷ್ಟೇ ದಪ್ಪವಾಗಿದ್ದರೂ ಕಾಯುವವನು ಸೋತರೆ ಕೋಟೆ ಹೋಯಿತು.

ನಮ್ಮ ರಕ್ಷಣೆಯು ನಮ್ಮ ಸ್ವಂತ ಕಾವಲಿಗೆ ಬಿಡಲ್ಪಟ್ಟಿದ್ದರೆ ಒಂದು ದಿನವಾದರೂ ಉಳಿದೀತೋ? ಆದರೆ ಪೇತ್ರನು ನಮ್ಮ ಆಧಾರ ವಾಕ್ಯದಲ್ಲಿ ಹೇಳುವದೇನಂದರೆ, ಬಾಡದ ಬಾಧ್ಯತೆಯು ನಮಗಾಗಿ ಪರಲೋಕದಲ್ಲಿ ಇಡಲ್ಪಟ್ಟಿದೆ. ಇತ್ತ ನಾವೂ ದೇವರ ಬಲದಿಂದ ಕಾಯಲ್ಪಡುತ್ತಿದ್ದೇವೆ. ಇಲ್ಲಿ ಆತನು ಉಪಯೋಗಿಸಿದ ಗ್ರೀಕ್ ಮಾತು ದಂಡಿನವರು ಕೋಟೆಯನ್ನು ಕಾಯುವದಕ್ಕೆ ಹೇಳುವ ಮಾತಾಗಿದೆ. ಆಸ್ತಿಯನ್ನೂ ಆಸ್ತಿಗೆ ಬಾಧ್ಯರಾದವರನ್ನೂ ದೇವರೇ ಕಾಯುತ್ತಾನೆ. ಆದರೂ ಅದೇ ವಚನದಲ್ಲಿ ಮತ್ತೊಂದು ಮಾತು ಸೇರಿದೆ: ನಂಬಿಕೆಯ ಮೂಲಕ. ಬಲವು ದೇವರದು, ಆ ಬಲವನ್ನು ಹಿಡಿಯುವ ಕೈ ನಂಬಿಕೆ. ಈ ಎರಡನ್ನು ಪೇತ್ರನು ಅಗಲಿಸಲಿಲ್ಲ; ನಾವೂ ಅಗಲಿಸಬಾರದು.

ಸತ್ಯವೇದವು ಬೇರೆ ಕಡೆಗಳಲ್ಲಿಯೂ ಹಾಗೆಯೇ ಕಲಿಸುತ್ತದೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಕರ್ತನು ತನ್ನ ಕುರಿಗಳನ್ನು ಯಾರೂ ತನ್ನ ಕೈಯೊಳಗಿಂದ ಕಸಕೊಳ್ಳಲಾರರೆಂದು ಹೇಳುತ್ತಾನೆ. ಆದರೆ ಅದೇ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ, ತನ್ನಲ್ಲಿ ನೆಲೆಗೊಳ್ಳದ ಕೊಂಬೆಯು ಒಣಗಿ ಬೆಂಕಿಗೆ ಬೀಳುವದೆಂದೂ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯವು ನಮ್ಮನ್ನು ಧೈರ್ಯಪಡಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಮತ್ತು 10ನೆಯ ಅಧ್ಯಾಯಗಳು ನಮ್ಮನ್ನು ಗದರಿಸುತ್ತವೆ. ವಾಗ್ದಾನವೂ ದೇವರ ಮಾತೇ, ಎಚ್ಚರಿಕೆಯೂ ದೇವರ ಮಾತೇ. ಬಾವಿಯ ಅಂಚಿನಲ್ಲಿ ಆಡುವ ಮಗುವನ್ನು ತಾಯಿ ಕೈಹಿಡಿದುಕೊಂಡೇ, ಬಿದ್ದೀಯೆ ಎಂದು ಕೂಗುವದಿಲ್ಲವೋ? ಆ ಕೂಗೂ ಆಕೆ ಮಗುವನ್ನು ಕಾಯುವ ರೀತಿಯೇ.

ಇದರ ವಿಷಯವಾಗಿ ದೇವಭಕ್ತರಲ್ಲಿಯೂ ಒಂದೇ ಅಭಿಪ್ರಾಯವಿಲ್ಲ. ಹಾಲೆಂಡ್ ದೇಶದ ಡಾರ್ಟ್ ಪಟ್ಟಣದಲ್ಲಿ 1618-19ರಲ್ಲಿ ಕೂಡಿದ ಸಭಾಸಂಘವು, ದೇವರು ಆರಿಸಿಕೊಂಡವರು ಬಿದ್ದರೂ ಕಡೆಯ ವರೆಗೆ ಕಾಯಲ್ಪಡುವರೆಂದು ನಿರ್ಣಯಿಸಿತು. ಮೆಥೊಡಿಸ್ಟ್ ಸಭೆಯ ಮೂಲಪುರುಷನಾದ ಜಾನ್ ವೆಸ್ಲಿಯಾದರೋ, ನಿಜವಾದ ವಿಶ್ವಾಸಿಯೂ ಬಿದ್ದು ನಾಶವಾಗಬಹುದೆಂದು 1751ರಲ್ಲಿ ಒಂದು ಪುಸ್ತಕ ಬರೆದನು. ಆತನ ಆಪ್ತನಾದ ಜಾರ್ಜ್ ವೈಟ್‌ಫೀಲ್ಡನು ಮೊದಲನೆಯ ಅಭಿಪ್ರಾಯದವನು. ಇಂಥ ವಿಷಯಗಳಿಗಾಗಿ ಇವರಿಬ್ಬರು ಬಹಳವಾಗಿ ವಾದಿಸಿದರು. ಆದರೂ 1770ರಲ್ಲಿ ವೈಟ್‌ಫೀಲ್ಡನು ತೀರಿಕೊಂಡಾಗ, ಆತನ ಇಷ್ಟದಂತೆ ಲಂಡನ್ನಿನಲ್ಲಿ ಅವನಿಗಾಗಿ ಪ್ರಸಂಗ ಮಾಡಿದವನು ವೆಸ್ಲಿಯೇ. ಒಂದು ಮಾತಿನಲ್ಲಿ ಇಬ್ಬರೂ ಒಂದಾಗಿದ್ದರು: ಪಾಪದಲ್ಲಿ ಸುಖವಾಗಿ ಕೂತಿರುವವನು ತಾನು ರಕ್ಷಣೆಯಲ್ಲಿದ್ದೇನೆಂದು ಹೇಳಿಕೊಳ್ಳುವದಕ್ಕೆ ಆಧಾರವಿಲ್ಲ. ಅವನ ನಂಬಿಕೆ ಮೊದಲೇ ಸುಳ್ಳಾಗಿತ್ತೆಂದು ಒಬ್ಬನು ಹೇಳಾನು, ನಂಬಿಕೆಯನ್ನು ಬಿಟ್ಟುಬಿಟ್ಟನೆಂದು ಮತ್ತೊಬ್ಬನು ಹೇಳಾನು. ಆದರೆ ಎದ್ದು ತಂದೆಯ ಬಳಿಗೆ ಹೋಗು ಎಂದು ಇಬ್ಬರೂ ಹೇಳುವರು.

ಹಾಗಾದರೆ ಬಿದ್ದವನ ಗತಿ ಏನು? ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿಯಾದ ಡೀಸಿಯಸನು, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಅದಕ್ಕೆ ಪತ್ರ ಪಡೆಯಬೇಕೆಂದು ಅಪ್ಪಣೆ ಕೊಟ್ಟನು. ಅನೇಕ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಹಿಂಸೆ ತಗ್ಗಿದ ಮೇಲೆ ಅವರು ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಇವರನ್ನು ಎಂದಿಗೂ ಸೇರಿಸಬಾರದೆಂದು ಕೆಲವರೂ, ಕೂಡಲೆ ಸೇರಿಸಿರಿ ಎಂದು ಕೆಲವರೂ ಹೇಳಿದರು. ಕಾರ್ಥೇಜ್ ಪಟ್ಟಣದ ಸಭಾಧ್ಯಕ್ಷನಾದ ಸಿಪ್ರಿಯಾನನು ಪಾಪವನ್ನು ಹಗುರಮಾಡಲೂ ಇಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ. ನಿಜವಾಗಿ ಪಶ್ಚಾತ್ತಾಪಪಟ್ಟವರಿಗೆ ತಿರಿಗಿ ಬರುವ ದಾರಿಯುಂಟೆಂದು 251ರಲ್ಲಿ ಅಲ್ಲಿಯ ಸಭಾಧ್ಯಕ್ಷರು ಕೂಡಿ ಗೊತ್ತುಮಾಡಿದರು. ಆ ಸಿಪ್ರಿಯಾನನೇ 258ರಲ್ಲಿ ಕ್ರಿಸ್ತನಿಗಾಗಿ ಪ್ರಾಣಕೊಟ್ಟನು.

ಈ ಪತ್ರಿಕೆಯನ್ನು ಬರೆದ ಪೇತ್ರನಾದರೂ ಯಾರು? ಕೋಳಿ ಕೂಗುವದರೊಳಗೆ ಮೂರು ಸಾರಿ ಕರ್ತನನ್ನು ಅರಿಯೆನೆಂದವನೇ. ಅವನು ಬೀಳುವದಕ್ಕಿಂತ ಮುಂಚೆಯೇ ಕರ್ತನು ಅವನ ನಂಬಿಕೆ ಕುಂದಿಹೋಗದಂತೆ ಪ್ರಾರ್ಥಿಸಿದ್ದನು (ಲೂಕ 22:31, 32). ಪೇತ್ರನ ಧೈರ್ಯ ಕುಂದಿತು, ನಾಲಿಗೆ ಸುಳ್ಳಾಡಿತು. ಆದರೆ ಆ ಪ್ರಾರ್ಥನೆ ಸುಳ್ಳಾಗಲಿಲ್ಲ. ಅವನು ಹೊರಗೆ ಹೋಗಿ ಅತ್ತನು. ಆ ಕಣ್ಣೀರೇ ಅವನು ಕಾಯಲ್ಪಟ್ಟನೆಂಬದಕ್ಕೆ ಗುರುತು.

ಆದಕಾರಣ ನಡುಗುವ ತಂದೆಯೇ, ಕೇಳು. ನೀನು ಮಾಡಿದ್ದು ಪಾಪವೇ. ಅದಕ್ಕೆ ಬೇರೆ ಹೆಸರಿಡಬೇಡ. ಆದರೆ ನಿನ್ನ ಮನಸ್ಸು ನೋಯುವದು ಪವಿತ್ರಾತ್ಮನು ನಿನ್ನನ್ನು ಕರೆಯುತ್ತಾನೆಂಬದಕ್ಕೆ ಸಾಕ್ಷಿ. ಇಬ್ರಿಯರ 6ನೆಯ ಅಧ್ಯಾಯವು ಕ್ರಿಸ್ತನನ್ನು ತುಳಿದು ಬೆನ್ನು ತಿರುಗಿಸಿಕೊಂಡವರಿಗೆ ಗದರಿಕೆಯೇ ಹೊರತು, ಅಳುತ್ತಾ ಬರುವವನನ್ನು ಓಡಿಸುವ ಕೋಲಲ್ಲ. ದಾರವನ್ನು ಬಿಚ್ಚು, ಪಾಪವನ್ನು ಅರಿಕೆಮಾಡು, ಕರ್ತನ ಮೇಜಿಗೆ ಬಾ.

ನಿದ್ರಿಸುವವನೇ, ನೀನೂ ಕೇಳು. ತುಂಗಭದ್ರೆಯ ಕಟ್ಟೆ ತುಂಬಿದ್ದರೂ ಹೊಲದ ಕಾಲುವೆಯಲ್ಲಿ ಹೂಳೂ ಜೇಕೂ ತುಂಬಿದರೆ ನಿನ್ನ ಬತ್ತ ಒಣಗುವದೆಂದು ಮಾನ್ವಿಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಕಾಲುವೆಯು ನೀರನ್ನು ಹುಟ್ಟಿಸುವದಿಲ್ಲ, ನಂಬಿಕೆಯು ರಕ್ಷಣೆಯನ್ನು ಹುಟ್ಟಿಸುವದಿಲ್ಲ. ಆದರೂ ನೀರು ಬರುವದು ಅದರ ಮೂಲಕವೇ. ಸಭೆಯ ಪುಸ್ತಕದಲ್ಲಿರುವ ಹೆಸರು ನಿನ್ನನ್ನು ರಕ್ಷಿಸಲಾರದು. ಈ ಹೊತ್ತೇ ಎದ್ದು ಹೆಂಡತಿಯ ಕ್ಷಮೆ ಕೇಳು, ಒಡಹುಟ್ಟಿದವನ ಬಾಗಿಲಿಗೆ ಹೋಗು.

ಸಭೆಯವರೇ, ನಿಮಗೂ ಒಂದು ಮಾತು. ದೇವರು ತನ್ನವರನ್ನು ಕಾಯುವಾಗ ನಿಮ್ಮ ಕೈಗಳಿಂದಲೂ ಕಾಯುತ್ತಾನೆ. ಮಳೆ ತಪ್ಪಿದ ವರ್ಷ ನಮ್ಮವರು ಬೆಂಗಳೂರಿಗೂ ಹೈದರಾಬಾದಿಗೂ ಗುಳೆ ಹೋಗುತ್ತಾರೆ. ಅಲ್ಲಿ ಭಾನುವಾರವೂ ಕೆಲಸದ ದಿನವೇ, ಆರಾಧನೆಯಿಲ್ಲ, ಕರೆಯುವವರಿಲ್ಲ. ಅಂಥವರನ್ನು ಹೆಸರು ಹಿಡಿದು ಪ್ರಾರ್ಥನೆಯಲ್ಲಿ ನೆನಸಿರಿ, ಅವರಿಗೆ ಮಾತು ಕಳುಹಿಸಿರಿ, ಊರಿಗೆ ಬಂದಾಗ ಅವರ ಮನೆಗೆ ಮೊದಲು ಹೋಗಿರಿ. ಬಿದ್ದವನ ಸುದ್ದಿಯನ್ನು ಕಟ್ಟೆಯ ಮೇಲೆ ಕೂತು ಆಡಿಕೊಳ್ಳದೆ, ಸಾತ್ವಿಕ ಮನಸ್ಸಿನಿಂದ ಅವನನ್ನು ಎತ್ತಿರಿ (ಗಲಾತ್ಯ 6:1).

ಪ್ರಿಯರೇ, ರಕ್ಷಣೆ ಹೋದೀತೋ ಎಂದು ದಿನಾಲು ಗಂಟು ಬಿಚ್ಚಿ ಎಣಿಸುತ್ತಾ ಕೂಡಬೇಡಿರಿ. ಹೋಗುವದಿಲ್ಲವೆಂದು ಗಂಟನ್ನು ಬೀದಿಯಲ್ಲಿ ಎಸೆದು ಮಲಗಲೂ ಬೇಡಿರಿ. ಕಾಯುವಾತನ ಕೈಯನ್ನು ಹಿಡಿದು ನಡೆಯಿರಿ. ನಮ್ಮನ್ನು ಎಡವದಂತೆ ಕಾಪಾಡಿ, ತನ್ನ ಮಹಿಮೆಯ ಮುಂದೆ ಹರ್ಷದಿಂದ ನಿಲ್ಲಿಸಲು ಶಕ್ತನಾದ ದೇವರಿಗೆ ಯೇಸು ಕ್ರಿಸ್ತನ ಮೂಲಕ ಸ್ತೋತ್ರವಾಗಲಿ. ಆಮೆನ್.